ಅಪ್ಪಿಕೊಂಡ ಮರುದಿನ

ಪಿಯುಸಿ ಮುಗಿದ ವರ್ಷ ನಾನು ಡಿಗ್ರಿಗೆ ಸೇರಲಿಲ್ಲ. ಬಯಸಿದ ಸೀಟು ಸಿಗಲಿಲ್ಲ, ಸಿಕ್ಕಿದ್ದು ಬೇಡವಾಗಿತ್ತು. ‘ಒಂದು ವರ್ಷ ಹಾಳು’ ಎಂದ ಅಪ್ಪ ಮಾತು ಬಿಟ್ಟರು. ಪರಿಸರದ ಕೆಲಸ ಮಾಡುವ ಹುಮ್ಮಸ್ಸಿನಲ್ಲಿ ನಾಲ್ಕಾರು ಕಡೆ ಅರ್ಜಿ ಹಾಕಿದೆ. ಎಲ್ಲರೂ ಪದವಿ ಕೇಳಿದರು. ಕೊನೆಗೆ ಶಿರಸಿ ಸೀಮೆಯ ನರ್ಸರಿಯೊಂದರಲ್ಲಿ ದಿನಗೂಲಿ ಸಿಕ್ಕಿತು.

ಕೆಲಸವೆಂದರೆ ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬುವುದು. ಹಲಸಿನ ಬೀಜವನ್ನು ಒಣಗುವ ಮೊದಲೇ ಊರಬೇಕು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು. ‘ಇದೇನು ಪರಿಸರ ಹೋರಾಟ?’ ಎಂದು ಗೊಣಗಿದೆ. ಪಕ್ಕದಲ್ಲಿ ಕೂತಿದ್ದ, ಐವತ್ತು ದಾಟಿದ ಅಕ್ಕ ನಕ್ಕರು: ‘ಮರ ಅಪ್ಪಿದ್ದು ಕೆಲವು ದಿನ ತಮಾ, ಆಮೇಲೆ ವರ್ಷಗಟ್ಟಲೆ ಮಾಡಿದ್ದು ಇದನ್ನೇ.’

ಅವರು ಹೇಳಿದ್ದು ಅಪ್ಪಿಕೋ ಚಳವಳಿಯ ಮಾತು. 1974ರಲ್ಲಿ ಗೌರಾದೇವಿ ಮತ್ತು ರೇಣಿ ಗ್ರಾಮದ ಹೆಂಗಸರು ಮರಗಳಿಗೆ ಅಡ್ಡ ನಿಂತದ್ದರಿಂದ ಹೆಸರಾದ ಹಿಮಾಲಯದ ಚಿಪ್ಕೋ, ಉತ್ತರ ಕನ್ನಡದಲ್ಲಿ ಅಪ್ಪಿಕೋ ಆಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಹತ್ತಿರದ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಆಯ್ದ ಮರಗಳನ್ನಷ್ಟೇ ಕಡಿಯುತ್ತೇವೆ ಎಂಬುದು ಕಾಗದದ ಲೆಕ್ಕ. ದೊಡ್ಡ ಮರ ಉರುಳುವಾಗ ಸುತ್ತಲಿನ ಎಳೆಯ ಮರಗಳೂ ಮುರಿಯುತ್ತಿದ್ದವು. ಅಡಿಕೆ ತೋಟಕ್ಕೆ ಸೊಪ್ಪು, ನೀರು ಕಾಡಿನಿಂದಲೇ ಬರಬೇಕಾದ ಊರುಗಳಿಗೆ ಅದು ಬದುಕಿನ ಪ್ರಶ್ನೆ.

ಚಿಪ್ಕೋ ಜೊತೆ ಕೆಲಸ ಮಾಡಿ ಬಂದಿದ್ದ ಪಾಂಡುರಂಗ ಹೆಗಡೆ ಅವರ ಹೆಸರು ಚರಿತ್ರೆಯಲ್ಲಿ ಸರಿಯಾಗಿಯೇ ಉಳಿದಿದೆ. ಅವರೊಂದಿಗಿದ್ದ ಹಳ್ಳಿಯ ಯುವಕ ಮಂಡಳಿಗಳ ಹುಡುಗರ ಹೆಸರುಗಳು ಅಷ್ಟಾಗಿ ಉಳಿದಿಲ್ಲ. ಅಪ್ಪಿಕೋದ ಸೂತ್ರ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ‘ಉಳಿಸು’ ಎಂಬುದಕ್ಕೆ ತಾರೀಕಿದೆ, ಪತ್ರಿಕೆಯ ವರದಿಯಿದೆ. ‘ಬೆಳೆಸು’ ಎಂಬುದಕ್ಕೆ ತಾರೀಕಿಲ್ಲ. ಊರೂರಲ್ಲಿ ಸಸಿ ಮಾಡಿ, ಬೋಳು ಗುಡ್ಡದಲ್ಲಿ ನೆಟ್ಟು, ದನ ಬಾರದಂತೆ ಕಾದ ಕೆಲಸವದು. ಅದಕ್ಕೆ ಪದವಿ ಬೇಕಿರಲಿಲ್ಲ, ಅದು ಸುದ್ದಿಯಾಗುವಂಥದ್ದೂ ಅಲ್ಲ.

ಮರುವರ್ಷ ಇತಿಹಾಸ ವಿಷಯ ಆಯ್ದುಕೊಂಡು ಕಾಲೇಜು ಸೇರಿದೆ. ಈಗ ಅದೇ ಚಳವಳಿಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಅರ್ಜಿ ನಮೂನೆಗಳಲ್ಲಿ ಆ ಒಂದು ವರ್ಷದ ಜಾಗ ಇಂದಿಗೂ ಖಾಲಿ, ವಿವರಣೆ ಕೇಳುವವರಿದ್ದಾರೆ. ಹಳೆಯ ಕಾರ್ಯಕರ್ತರನ್ನು ಮಾತನಾಡಿಸಲು ಹೋದಾಗ ಮಾತ್ರ ಆ ವರ್ಷ ನೆರವಿಗೆ ಬರುತ್ತದೆ. ಅಂದು ಏನಾಯಿತು ಎಂದು ಕೇಳಿದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಆದ್ದರಿಂದ ನನ್ನ ಮೊದಲ ಪ್ರಶ್ನೆ ಬೇರೆ: ‘ಮರುದಿನ ನೀವೇನು ಮಾಡಿದಿರಿ?’