ಆದವಾನಿ ಸೀಮೆಯಲ್ಲಿ ಅಮರವೂ ಜಹಗೀರೂ

ಬೊಕ್ಕಸದಲ್ಲಿ ನಗದು ಹಣವು ಸಾಲದಿದ್ದಾಗ ಅರಸನು ದಂಡನ್ನು ಸಾಕುವುದೆಂತು? ಹಿಂದಿನ ದೊಡ್ಡ ರಾಜ್ಯಗಳನೇಕಕ್ಕೆ ಎದುರಾದ ಈ ಪ್ರಶ್ನೆಗೆ ತುರ್ಕರ ಉಸ್ಮಾನಿ ಸಾಮ್ರಾಜ್ಯವು ಕಂಡುಕೊಂಡ ಉತ್ತರವೇ 'ತಿಮಾರ್' ಪದ್ಧತಿ. ರಾವುತನಾದ 'ಸಿಪಾಹಿ'ಗೆ ಸುಲ್ತಾನನು ಭೂಮಿಯ ಒಡೆತನವನ್ನು ಕೊಡದೆ ಅದರ ಕಂದಾಯವನ್ನಷ್ಟೇ ಬಿಟ್ಟುಕೊಡುತ್ತಿದ್ದನು. ಆದಾಯವು ಹೆಚ್ಚಿದಂತೆ ಅವನು ಕರೆತರಬೇಕಾದ ಆಳುಗಳ ಸಂಖ್ಯೆಯೂ ಹೆಚ್ಚುತ್ತಿತ್ತು. ಸೇವೆಗೆ ತಪ್ಪಿದವನು ತಿಮಾರನ್ನು ಕಳೆದುಕೊಳ್ಳುತ್ತಿದ್ದನು. ನಮ್ಮ ಮಾತಿನ 'ಸಿಪಾಯಿ'ಯೂ ಆ 'ಸಿಪಾಹಿ'ಯೂ ಒಂದೇ ಪಾರಸಿ ಶಬ್ದದಿಂದ ಬಂದವು.

ಇದನ್ನು ಹೋಲುವ ಏರ್ಪಾಡು, ಆದವಾನಿಯನ್ನಾಳಿದ ವಿಜಯನಗರದಲ್ಲಿಯೂ ಇದ್ದಿತು. ಶಾಸನಗಳ 'ಅಮರಮಾಗಣಿ', 'ನಾಯಕತನ' ಎಂಬ ಮಾತುಗಳು ಅದನ್ನೇ ಸೂಚಿಸುತ್ತವೆ. ಅಚ್ಯುತರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜನು ಇದರ ಲೆಕ್ಕವನ್ನೇ ಬರೆದಿಟ್ಟಿದ್ದಾನೆ. ಸಾಳುವ ನಾಯಕನೆಂಬ ಮಂತ್ರಿಯ ಆದಾಯ 11 ಲಕ್ಷ ಹೊನ್ನು. ಅದರಲ್ಲಿ ಮೂರರಲ್ಲೊಂದು ಪಾಲು ಅರಸನಿಗೆ. ಉಳಿದುದರಲ್ಲಿ ಅವನು 30,000 ಕಾಲಾಳು, 3,000 ಕುದುರೆ, 30 ಆನೆಗಳನ್ನು ಸಾಕಬೇಕು. ಉಳುವವರು ಬೆಳೆದುದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಒಡೆಯರಿಗೆ ತೆರುತ್ತಿದ್ದರೆಂದೂ ಅವನು ಹೇಳುತ್ತಾನೆ. ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಕುದುರೆಯ ಹುರುಳಿಯು ಯಾರ ಹೊಲದಿಂದ ಬರುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ.

1565ರ ಯುದ್ಧದಲ್ಲಿ ವಿಜಯನಗರವು ಸೋತಿತು. 1568ರಲ್ಲಿ ಆದವಾನಿಯು ಬಿಜಾಪುರದ ವಶವಾಯಿತು. ಅಮರವು ಹೋಗಿ ಜಹಗೀರು ಬಂದಿತು; ಹೆಸರು ಬದಲಾದರೂ ತತ್ವವು ಬದಲಾಗಲಿಲ್ಲ. ಕೊಟ್ಟ ಭೂಮಿಯನ್ನು ಹಿಂದಕ್ಕೆ ಪಡೆಯುವ ಶಕ್ತಿಯು ದೊರೆಗೆ ಇರುವವರೆಗೆ ಇಂತಹ ಪದ್ಧತಿಯು ರಾಜ್ಯಕ್ಕೆ ಬಲ. ಆ ಶಕ್ತಿ ತಪ್ಪಿತೆಂದರೆ ಅದೇ ಕಂಟಕ. ಇದಕ್ಕೆ ಆದವಾನಿಯೇ ನಿದರ್ಶನ. ಸಿದ್ದಿ ಮಸೂದ್ ಖಾನನು 1683ರಲ್ಲಿ ಬಿಜಾಪುರದ ಅಧಿಕಾರವನ್ನು ಬಿಟ್ಟು ಇಲ್ಲಿ ನೆಲೆಸಿದನು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದನು; ಆದವಾನಿ ಕೋಟೆ ಶರಣಾದುದು 1688ರಲ್ಲಿ. ಸಿಂಹಾಸನವು ಉರುಳಿದ ಮೇಲೂ ಸರದಾರನ ಕೋಟೆ ನಿಂತಿದ್ದಿತು! ಮುಂದೆ ನಿಜಾಮನ ತಮ್ಮ ಬಸಾಲತ್ ಜಂಗನು ಇಲ್ಲಿ ಜಹಗೀರುದಾರನಾಗಿ ಫ್ರೆಂಚ್ ಪಡೆಯನ್ನಿಟ್ಟುಕೊಂಡನು. 1779ರಲ್ಲಿ ಅಣ್ಣನನ್ನು ಕೇಳದೆ ಗುಂಟೂರಿನ ವಿಷಯದಲ್ಲಿ ಇಂಗ್ಲಿಷರೊಡನೆ ತಾನೇ ಒಪ್ಪಂದ ಮಾಡಿಕೊಂಡನು. 1786ರಲ್ಲಿ ಟಿಪ್ಪುವು ಕೋಟೆಯನ್ನು ಹಿಡಿದನು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಸುತ್ತಲ ದತ್ತ ಮಂಡಲದಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಮನ್ರೋ ಸಾಹೇಬನು 1807ರವರೆಗೆ ಇಲ್ಲಿದ್ದು ಅವರ ಬಲವನ್ನು ಮುರಿದನು. ಹೊಲಗಳನ್ನಳೆಸಿ ರೈತರಿಂದ ನೇರವಾಗಿ ಕಂದಾಯವನ್ನೆತ್ತುವ ಕ್ರಮವನ್ನು ತಂದನು. ಸಂಬಳದ ಸೈನ್ಯವಿದ್ದ ಕಂಪನಿಗೆ ಭೂಮಿ ಕೊಟ್ಟು ದಂಡನ್ನು ಕಟ್ಟುವ ಅಗತ್ಯವಿರಲಿಲ್ಲ. ತುರ್ಕಿಯಲ್ಲಿಯೂ ತಿಮಾರ್ ಪದ್ಧತಿಯನ್ನು 1831ರಲ್ಲಿ ಎತ್ತಿಹಾಕಿದರು. ಇಷ್ಟಾದರೂ ನಮ್ಮ ರೈತನ ಹೊರೆ ಇಳಿಯಲಿಲ್ಲ: ಮನ್ರೋವೇ 1807ರಲ್ಲಿ, ತಾನು ಗೊತ್ತುಮಾಡಿದ ಕಂದಾಯವನ್ನು ತಗ್ಗಿಸಬೇಕೆಂದು ಮೇಲಿನವರಿಗೆ ಬರೆಯಬೇಕಾಯಿತು.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ಆದವಾನಿ, ಆಲೂರು ತಾಲ್ಲೂಕುಗಳ ಚರಿತ್ರೆಯನ್ನು ಕೋಟೆಗಳ ಮುತ್ತಿಗೆಯ ಕಥೆಯಾಗಿ ಮಾತ್ರ ಪಾಠ ಹೇಳಿದರೆ ಸಾಲದೆಂದು ನಾವು ಭಾವಿಸುತ್ತೇವೆ. ಅಮರ, ಉಂಬಳಿ, ಕಟ್ಟುಬಡಿ, ಇನಾಮು: ಈ ಒಂದೊಂದು ಮಾತಿನ ಹಿಂದೆಯೂ ಭೂಮಿಗೂ ಸೇವೆಗೂ ಇದ್ದ ಒಂದು ಕರಾರು ಅಡಗಿದೆ. ಉಪಾಧ್ಯಾಯ ಮಿತ್ರರು ತಮ್ಮ ತಮ್ಮ ಊರಿನ ಹೊಲಗಳ ಹೆಸರುಗಳನ್ನು ಮಕ್ಕಳಿಂದ ಬರೆಸಿ ಕೂಡಿಡಲಿ. ಆ ಹೆಸರುಗಳನ್ನು ಬಲ್ಲ ಹಿರಿಯರು ಕಣ್ಮರೆಯಾದರೆ, ದಂಡನ್ನು ಸಾಕಿದ ಒಕ್ಕಲಿನ ಚರಿತ್ರೆಯೂ ಅವರೊಡನೆಯೇ ಹೋದೀತು.