ಗಣಕಾಲಯದ ನಾಮಾಂತರಗಳು

ಹೆಸರೆಂಬುದು ಗುರುತಿಗಾಗಿ ಇಟ್ಟ ಸಂಕೇತಮಾತ್ರವೆಂದು ಹೇಳುವವರುಂಟು. ಆದರೆ ಕೆಲವು ಸಂಸ್ಥೆಗಳ ಚರಿತ್ರೆಯೆಲ್ಲವೂ ಅವುಗಳ ಹೆಸರಿನಲ್ಲಿಯೇ ಅಡಗಿರುವುದು. ಅಮೆರಿಕಾ ದೇಶದ ಗಣಕಯಂತ್ರಗಳ ವಸ್ತುಸಂಗ್ರಹಾಲಯವು ಇದಕ್ಕೆ ನಿದರ್ಶನ.

ಮೊದಲು ಶಬ್ದವಿಚಾರ. ‘ಮ್ಯೂಸಿಯಂ’ ಎಂದರೆ ಗ್ರೀಕರ ವಿದ್ಯಾಧಿದೇವತೆಗಳಾದ ಮ್ಯೂಸರ ಆಲಯ. ‘ಕಂಪ್ಯೂಟರ್’ ಎಂಬುದು ಹಿಂದೆ ಯಂತ್ರವಲ್ಲ, ಲೆಕ್ಕಮಾಡುವ ಮನುಷ್ಯ. ನಮ್ಮ ‘ಗಣಕ’ನೂ ಅಂಥವನೇ, ಅಮರಕೋಶವು ಅವನನ್ನು ಜ್ಯೋತಿಷಿಕರ ಸಾಲಿನಲ್ಲಿ ಎಣಿಸಿದೆ. ಎರಡು ಭಾಷೆಗಳಲ್ಲಿಯೂ ಕರ್ತೃವಿನ ಹೆಸರು ಕರಣಕ್ಕೆ ಸಂದಿತು.

ಇನ್ನು ಕಥಾಭಾಗ. ಮಸಾಚುಸೆಟ್ಸ್ ತಂತ್ರವಿದ್ಯಾಲಯದಲ್ಲಿ ನಿರ್ಮಿತವಾಗಿ 1951ರಲ್ಲಿ ಕಾರ್ಯಾರಂಭ ಮಾಡಿದ ‘ವರ್ಲ್‌ವಿಂಡ್’ ಎಂಬ ಯಂತ್ರವು ಉಪಯೋಗ ತೀರಿದ ಬಳಿಕ ಗುಜರಿಯ ಪಾಲಾಗುವುದರಲ್ಲಿತ್ತು. ಹಿಂದೆ ಅದರ ಕಾರ್ಯದಲ್ಲಿ ದುಡಿದಿದ್ದ ರಾಬರ್ಟ್ ಎವರೆಟ್ಟರೂ ಕೆನ್ ಓಲ್ಸನ್ನರೂ ಅದನ್ನು ಉಳಿಸಿಕೊಂಡರು. ಓಲ್ಸನ್ನರ ಡಿಜಿಟಲ್ ಕಂಪೆನಿಯಲ್ಲಿದ್ದ ಗಾರ್ಡನ್ ಬೆಲ್ಲರಿಗೂ ಇಂತಹ ಸಂಗ್ರಹದಲ್ಲಿ ಆಸಕ್ತಿಯಿತ್ತು. 1975ರಲ್ಲಿ ಕಂಪೆನಿಯ ಮೊಗಸಾಲೆಯೊಂದರಲ್ಲಿ, ಕೋಟು ತೂಗುಹಾಕುವ ಕಿರುಕೋಣೆಯನ್ನೇ ಮಾರ್ಪಡಿಸಿ, ಮೊದಲ ಪ್ರದರ್ಶನವನ್ನಿಟ್ಟರು.

1979ರಲ್ಲಿ ಮಾರ್ಲ್‌ಬರೋ ಪಟ್ಟಣದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಅದರ ಹೆಸರು ‘ಡಿಜಿಟಲ್ ಕಂಪ್ಯೂಟರ್ ಮ್ಯೂಸಿಯಂ’. ಇಲ್ಲಿ ಶ್ಲೇಷೆಯುಂಟು: ‘ಡಿಜಿಟಲ್’ ಎಂಬುದು ಅಂಕಗಳಿಂದ ನಡೆಯುವ ಯಂತ್ರಗಳಿಗೆ ವಿಶೇಷಣವೂ ಹೌದು, ಆಶ್ರಯವಿತ್ತ ಕಂಪೆನಿಯ ಹೆಸರೂ ಹೌದು. ಒಬ್ಬ ವರ್ತಕನ ಹೆಸರು ಹೊತ್ತ ಮನೆಯನ್ನು ಇತರ ವರ್ತಕರು ತಮ್ಮದೆಂದು ಬಗೆಯುವುದೆಂತು? 1982ರಲ್ಲಿ ಲಾಭಾಪೇಕ್ಷೆಯಿಲ್ಲದ ಪ್ರತ್ಯೇಕ ಸಂಸ್ಥೆಯಾದಾಗ ಆ ವಿಶೇಷಣವು ಲೋಪವಾಯಿತು; ‘ಕಂಪ್ಯೂಟರ್ ಮ್ಯೂಸಿಯಂ’ ಎಂಬುದಷ್ಟೇ ನಿಂತಿತು.

1984ರಲ್ಲಿ ಅದು ಬಾಸ್ಟನ್ ನಗರದ ಹಡಗುಕಟ್ಟೆಗೆ ಸ್ಥಳಾಂತರವಾಯಿತು. ಮುಂದೆ 1996ರಲ್ಲಿ ಪಶ್ಚಿಮತೀರದ ಕ್ಯಾಲಿಫೋರ್ನಿಯಾದಲ್ಲಿ ಚರಿತ್ರವಸ್ತುಗಳಿಗಾಗಿ ಒಂದು ಶಾಖೆಯು ಹುಟ್ಟಿತು. 1999ರಲ್ಲಿ ಮಾತೃಸಂಸ್ಥೆಯು ಮುಚ್ಚಿತು. ಆಗ ನಡೆದ ವಿಭಾಗವು ವಿಚಿತ್ರವಾದುದು: ಹೆಸರು ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ವಶವಾಯಿತು, ಚರಿತ್ರವಸ್ತುಗಳು ಶಾಖೆಯ ಪಾಲಾದುವು. ಆದಕಾರಣ ಶಾಖೆಯು 2000ದಲ್ಲಿ ನಡುವೆ ಒಂದು ಶಬ್ದವನ್ನಿರಿಸಿ ‘ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ’ ಎಂದು ತನ್ನನ್ನು ಕರೆದುಕೊಂಡಿತು. 2003ರಲ್ಲಿ ಮೌಂಟನ್ ವ್ಯೂ ಎಂಬಲ್ಲಿ ಸ್ವಂತ ಭವನದಲ್ಲಿ ಅದರ ದ್ವಾರವು ತೆರೆಯಿತು.

ಅನಿವಾರ್ಯದಿಂದ ಸೇರಿದ ಆ ‘ಚರಿತ್ರೆ’ ಎಂಬ ಪದವೇ ಅತ್ಯಂತ ಸಾರ್ಥಕವೆಂದು ನನ್ನ ಮತ. ವಸ್ತುವೊಂದು ಉಪಯೋಗವನ್ನು ಕಳೆದುಕೊಂಡು, ಇನ್ನೂ ಪುರಾತನವೆಂಬ ಗೌರವವನ್ನು ಪಡೆಯದಿರುವ ನಡುಗಾಲವೇ ಅದಕ್ಕೆ ಗಂಡಾಂತರದ ಕಾಲ. ನಮ್ಮ ಮನೆಗಳ ಅಟ್ಟದಿಂದ ಎಷ್ಟು ತಾಳೆಗರಿಯ ಕಟ್ಟುಗಳು ಆ ಕಾಲದಲ್ಲಿಯೇ ಬಚ್ಚಲೊಲೆಯನ್ನು ಸೇರಲಿಲ್ಲ! ವರ್ಲ್‌ವಿಂಡಿಗೆ ಆ ಹೊತ್ತಿನಲ್ಲಿ ಇಬ್ಬರು ಬಂಧುಗಳು ದೊರೆತರು. ನಮ್ಮ ಅಟ್ಟದಲ್ಲಿ ಉಳಿದಿರುವುದಕ್ಕೆ ಬಂಧುಗಳು ನಾವೇ ಅಲ್ಲವೆ?