ಮೂರು ಸರ್ಕಾರಗಳ ನೆಲದಲ್ಲಿ ಓದಿದ ಹುಡುಗ

ಎಸ್. ನಿಜಲಿಂಗಪ್ಪನವರು 1957ರಲ್ಲಿ ನಮ್ಮ ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿದ್ದರೆಂಬುದು ಊರಿನ ಹಿರಿಯರಿಗೆ ಗೊತ್ತು. ಅವರು ಎಲ್ಲೆಲ್ಲಿ ಓದಿದರು ಎಂಬುದನ್ನು ಕೇಳಿದರೆ ಹೇಳುವವರು ಕಡಿಮೆ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅದೇ ತಕ್ಕ ವಿಷಯವೆಂದು ನನಗೆ ತೋರಿತು.

ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ಸೀಮೆಯ ಹಲುವಾಗಲು ಗ್ರಾಮದಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ, ಅಂದರೆ ಮದರಾಸು ಪ್ರಾಂತ್ಯ. ತಂದೆ ಸಣ್ಣ ವ್ಯಾಪಾರಸ್ಥರು. ಮಗನಿಗೆ ಐದು ವರ್ಷವಾಗಿದ್ದಾಗ ತೀರಿಕೊಂಡರು. ಸಂಸಾರಕ್ಕೆ ತಾಯಿಯ ತಂದೆಯವರ ಆಸರೆ ಸಿಕ್ಕಿತು. ಮೊದಲ ಪಾಠ ವೀರಪ್ಪ ಮಾಸ್ತರ ಬಳಿ, ಹಳೆಯ ಪದ್ಧತಿಯಲ್ಲಿ ನಡೆಯಿತು. ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಕಾಲ ಅದು.

ತರಗತಿಯಲ್ಲಿ ದಕ್ಷಿಣ ಅಮೆರಿಕದ ವಿಮೋಚಕ ಸಿಮೋನ್ ಬೊಲಿವಾರನ ಹೆಸರು ಬಂದಾಗಲೆಲ್ಲ ನನಗೆ ಈ ಹುಡುಗ ನೆನಪಾಗುತ್ತಿದ್ದ. 1783ರಲ್ಲಿ ಕರಾಕಸ್‌ನಲ್ಲಿ ಹುಟ್ಟಿದ ಬೊಲಿವಾರನೂ ಎಳವೆಯಲ್ಲೇ ತಂದೆಯನ್ನು, ಒಂಬತ್ತರ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವನು. ಆದರೆ ಅವನದು ಭಾರಿ ಜಮೀನ್ದಾರಿ ಮನೆತನ. ಸಿಮೋನ್ ರೊಡ್ರಿಗೆಸ್‌ನಂಥ ಗುರು ಮನೆಗೇ ಬಂದು ಕಲಿಸಿದ. ನಮ್ಮವರು ಮಾತ್ರ ಶಾಲೆಯಿದ್ದ ಕಡೆ ತಾವೇ ಹೋಗಬೇಕಾಯಿತು.

ಹಲುವಾಗಲಿನಿಂದ ದಾವಣಗೆರೆಗೆ ಬಂದರು. ಮಾತು ಅದೇ ಕನ್ನಡ, ಸರ್ಕಾರ ಮಾತ್ರ ಮೈಸೂರು ಮಹಾರಾಜರದು. ಅಲ್ಲಿಂದ ಚಿತ್ರದುರ್ಗದ ಹೈಸ್ಕೂಲು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1924ರಲ್ಲಿ ಬಿ.ಎ. ಆಯಿತು. ಕಾನೂನು ಓದಲು ಪುಣೆಗೆ ಹೋದರು. ಅದು ಮುಂಬಯಿ ಪ್ರಾಂತ್ಯ. 1926ರಲ್ಲಿ ಪದವಿ ಪಡೆದರು. ಮದರಾಸು, ಮೈಸೂರು, ಮುಂಬಯಿ: ಓದು ಮುಗಿಯುವಷ್ಟರಲ್ಲಿ ಮೂರು ಆಡಳಿತಗಳನ್ನು ಕಂಡಿದ್ದರು. ಏಕೀಕರಣದ ಹಂಬಲ ಅವರಿಗೆ ಸಭೆಗಳ ಭಾಷಣದಿಂದ ಬಂದದ್ದಕ್ಕಿಂತ ಈ ಓಡಾಟದಿಂದ ಬಂದದ್ದೇ ಹೆಚ್ಚು ಎಂಬುದು ನನ್ನ ಊಹೆ.

ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. 1939ರಲ್ಲಿ ಚಳ್ಳಕೆರೆಗೆ ಸಮೀಪದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂದಾಳಾಗಿ ಜೈಲು ಸೇರಿದರು. ಮರ ಕಡಿದರೆ ಹೆಂಡವಿಲ್ಲ, ಹೆಂಡವಿಲ್ಲದಿದ್ದರೆ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಹಣವಿಲ್ಲ. ಆ ಲೆಕ್ಕ ಹಳ್ಳಿಯವರಿಗೆ ಸುಲಭವಾಗಿ ತಿಳಿಯಿತು. ಅವರ ಹೋರಾಟದ ಉಳಿದ ಕಥೆ ಪಠ್ಯಪುಸ್ತಕದಲ್ಲಿದೆ, ಇಲ್ಲಿ ಬೇಡ.

ಮೊಳಕಾಲ್ಮೂರಿನವರಿಗೆ ಗಡಿಯೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೈಸೂರು ಸೀಮೆಯ ಉತ್ತರದ ತುದಿ ನಮ್ಮದು, ಆಚೆಗೆ ಬಳ್ಳಾರಿ, ರಾಯದುರ್ಗ. ಹತ್ತಿರದ ಪೇಟೆ, ನೆಂಟಸ್ತನ ಆ ಕಡೆ. ಕಚೇರಿ ಕೆಲಸ ದೂರದ ಚಿತ್ರದುರ್ಗದಲ್ಲಿ. 1953ರ ಅಕ್ಟೋಬರ್ 1ರಂದು ಹರಪನಹಳ್ಳಿಯೂ ಸೇರಿ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಹಲುವಾಗಲಿನ ಮಕ್ಕಳಿಗೆ ದಾವಣಗೆರೆ ಅಂದಿನಿಂದ ಬೇರೆ ರಾಜ್ಯವಾಗಿ ಉಳಿಯಲಿಲ್ಲ. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ನಿಜಲಿಂಗಪ್ಪನವರೇ ಮೊದಲ ಮುಖ್ಯಮಂತ್ರಿಯಾದರು. ರಾಯದುರ್ಗ ಮಾತ್ರ ಆಂಧ್ರಕ್ಕೆ ಹೋಯಿತು. ಅಲ್ಲಿನ ಕನ್ನಡದ ಮನೆಗಳ ಮಕ್ಕಳು ಇಂದಿಗೂ ಬೇರೆ ಸರ್ಕಾರದ ಪರೀಕ್ಷೆ ಬರೆಯುತ್ತಾರೆ.